ಇಪ್ಪತ್ತೇಳನೇ ನಂಬರಿನ ಬಸ್ಸಿನಲ್ಲಿ ಕೊಟ್ಟ ರೊಟ್ಟಿ

ಇಟಲಿಯಿಂದ
18 ಜನವರಿ 2004, ಭಾನುವಾರ

ಮಗಳೇ ರೋದಿಕಾ,

ನಿನಗೂ ಅಳಿಯ ಸೆರ್ಜುವಿಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ದೇವಮಾತೆಯ ಕಾವಲಿರಲಿ. ಪ್ರತಿ ಭಾನುವಾರ ಇಲ್ಲಿಂದ ಊರಿಗೆ ಹೊರಡುವ ಮೀಶಾನ ವ್ಯಾನಿನಲ್ಲಿ ಒಂದು ಚೀಲ ಕಳಿಸುತ್ತಿದ್ದೇನೆ. ಅಕ್ಕಿ, ಕಾಫಿಪುಡಿ, ಕೂಸಿಗೊಂದು ಉಣ್ಣೆಯ ಟೋಪಿ ಇದೆ. ಟೋಪಿ ನಾನೇ ಹೆಣೆದದ್ದು, ನಾನು ನೋಡಿಕೊಳ್ಳುವ ಮುದುಕಿ ಸಿಗ್ನೋರಾ ಇಡಾ ಮಧ್ಯಾಹ್ನ ನಿದ್ದೆ ಹೋದಾಗ. ಕಳೆದ ಸಲದ ಹಾಗೆ ಮೀಶಾ ದಾರಿಯಲ್ಲಿ ಚೀಲ ಬಿಚ್ಚಿದ್ದರೆ ನನಗೆ ಬರೆ, ಮುಂದಿನ ಭಾನುವಾರ ಎಲ್ಲರ ಎದುರಿಗೇ ಕೇಳುತ್ತೇನೆ.

ಅಕ್ಟೋಬರಿನಿಂದ ಒಂದು ವಿಷಯ ನಿನಗೆ ಹೇಳದೆ ಇಟ್ಟುಕೊಂಡಿದ್ದೇನೆ. ನಾನು ಶಾಲೆಗೆ ಸೇರಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು. ಮುದುಕರನ್ನೂ ಕಾಯಿಲೆಯವರನ್ನೂ ನೋಡಿಕೊಳ್ಳುವವರಿಗೆ ಸರಕಾರದವರು ನಡೆಸುವ ಶಾಲೆ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಎರಡರಿಂದ ಆರು. ಆ ಹೊತ್ತು ಸಿಗ್ನೋರಾಳ ಮಗಳು ಬಂದು ತಾಯಿಯ ಹತ್ತಿರ ಕೂರುತ್ತಾಳೆ. ಊರಿನಲ್ಲಿ ಎಂಟನೇ ತರಗತಿ ಮುಗಿಸಿ ಮೂವತ್ತೈದು ವರ್ಷವಾದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತಿದ್ದೇನೆ. ನಮ್ಮ ಟೀಚರ್ ಓರ್ನೆಲ್ಲಾ ನನಗಿಂತ ಹದಿನೈದು ವರ್ಷ ಚಿಕ್ಕವಳು. ಪ್ರಶ್ನೆ ಕೇಳಿದಾಗ ನಾನು ಎದ್ದು ನಿಲ್ಲುತ್ತೇನೆ, ಕೂತೇ ಹೇಳಿ ಅನ್ನುತ್ತಾಳೆ, ನನ್ನ ಮೊಣಕಾಲುಗಳು ಕೇಳುವುದಿಲ್ಲ, ಎದ್ದೇಬಿಡುತ್ತವೆ.

ಓದು ಅಷ್ಟು ಕಷ್ಟವಿಲ್ಲ. ಕಷ್ಟ ಇರುವುದು ಬಸ್ಸಿನಲ್ಲಿ. ನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಆದರೆ ಅಂಗಡಿ, ಚರ್ಚು, ಮೀಶಾನ ವ್ಯಾನು ನಿಲ್ಲುವ ಬಯಲು, ಎಲ್ಲಕ್ಕೂ ನಡೆದೇ ಹೋಗುತ್ತಿದ್ದೆ. ಶಾಲೆ ಊರಿನ ಆ ತುದಿಗಿದೆ, ಇಪ್ಪತ್ತೇಳನೇ ನಂಬರಿನ ಬಸ್ಸು ಹಿಡಿಯಬೇಕು. ಮೊದಲ ದಿನ ನಮ್ಮೂರಿನ ಹಾಗೆ ಹತ್ತಿ ಎಲ್ಲರಿಗೂ ನಮಸ್ಕಾರ ಹೇಳಿದೆ. ಒಬ್ಬರೂ ತಲೆ ಎತ್ತಲಿಲ್ಲ. ಡ್ರೈವರನ ಕೈಗೆ ದುಡ್ಡು ಕೊಡಲು ಹೋದೆ, ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ಟಿಕೆಟ್ಟನ್ನು ಸಿಗರೇಟು ಮಾರುವ ಅಂಗಡಿಯಲ್ಲಿ ಕೊಳ್ಳಬೇಕಂತೆ! ಕೊಂಡರೂ ಸಾಲದು, ಬಸ್ಸಿನೊಳಗಿನ ಹಳದಿ ಪೆಟ್ಟಿಗೆಯ ಬಾಯಿಗೆ ತುರುಕಿ ಮುದ್ರೆ ಒತ್ತಿಸಬೇಕಂತೆ. ಇಳಿಯುವ ಜಾಗ ಬಂದಾಗ "ಆ ಔಷಧಿ ಅಂಗಡಿ ಹತ್ರ ನಿಲ್ಸಪ್ಪಾ" ಅಂತ ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಬಸ್ಸು ನಿಲ್ಲಲಿಲ್ಲ. ಕೆಂಪು ಗುಂಡಿ ಒತ್ತಬೇಕು ಅಂತ ಹೇಳಲು ಅಷ್ಟು ಜನರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಎರಡು ನಿಲ್ದಾಣ ಹಿಂದಕ್ಕೆ ನಡೆದೆ, ದಾರಿಯುದ್ದಕ್ಕೂ ಬೈದುಕೊಂಡು.

ಈಗ ನನ್ನ ಹತ್ತಿರ ವಿದ್ಯಾರ್ಥಿ ಪಾಸು ಇದೆ. ಶಾಲೆಯವರು ಬರೆದುಕೊಟ್ಟ ಕಾಗದ ತೋರಿಸಿ ಮಾಡಿಸಿದ್ದು. ಕಳೆದ ಬುಧವಾರ ಟಿಕೆಟ್ ತಪಾಸಣೆಯವನು ಹತ್ತಿದ. ಚೂಯಿಂಗ್ ಗಮ್ ಅಗಿಯುತ್ತಾ ನನ್ನ ಪಾಸನ್ನು ಹಿಂದೆ ಮುಂದೆ ತಿರುಗಿಸಿದ.

"ನಿಂದಾ ಇದು, ಅಜ್ಜಿ?"

"ನಂದೇ."

"ಮೊಮ್ಮಗಳದ್ದು ಎತ್ಕೊಂಡು ಬಂದಿಲ್ಲ ತಾನೆ?"

"ಫೋಟೋ ನೋಡಿ. ನನ್ನ ಮೊಮ್ಮಗಳು ಇನ್ನೂ ಹುಟ್ಟೇ ಇಲ್ಲ."

ಹಿಂದೆ ಕೂತಿದ್ದ ಪಡ್ಡೆಗಳಿಗೆ ತೋರಿಸಿ "ನಿಮ್ಮ ಕ್ಲಾಸ್‌ಮೇಟ್ ಕಣ್ರೋ" ಅಂದ. ಅವರು ಬಿದ್ದು ಬಿದ್ದು ನಕ್ಕರು. ನಾನು ಅವನಿಗೆ ನೀವು ಅನ್ನುತ್ತಿದ್ದೆ, ಅವನು ನನಗೆ ನೀನು ಅನ್ನುತ್ತಿದ್ದ, ನನಗೆ ಮಗನಾಗುವಷ್ಟು ವಯಸ್ಸಿನವನು. ಮನಸ್ಸಿನಲ್ಲೇ ಬೈಬಲಿನ ಐವತ್ತನೇ ಕೀರ್ತನೆ ಹೇಳಿಕೊಂಡೆ. ಅರ್ಧಕ್ಕೆ ಬರುವಾಗ ಸಿಟ್ಟಿಗೆ ಮುಂದಿನ ಸಾಲು ಮರೆತುಹೋಯಿತು.

ಡಾಕ್ಟರ್ ಏನಂದರು, ಬರೆ.

ನಿನ್ನ ಅಮ್ಮ


ಮೊಲ್ದೋವಾ, ಸ್ತುಪಾರೆನಿ
22 ಜನವರಿ 2004, ಗುರುವಾರ

ಅಮ್ಮಾ,

ಚೀಲ ಸಿಕ್ಕಿತು. ಮೀಶಾ ಬಿಚ್ಚಿಲ್ಲ.

ನಗು ಬರಲಿಲ್ಲ. ಸೆರ್ಜುವಿಗೆ ಬಂತು. "ಅತ್ತೆಗೆ ಒಂದು ಪೆನ್ಸಿಲ್ ಡಬ್ಬಿ ಕಳ್ಸೋಣ್ವೇನೇ?" ಅಂದ. ಅವನ ಅಮ್ಮನಂತೂ ನೆರೆಯವರಿಗೆಲ್ಲ ಹೇಳಿಕೊಂಡು ಬಂದಳು, ಅಗಾಫಿಯಾ ಇಟಲಿಗೆ ದುಡಿಯೋಕೆ ಹೋಗಿ ಈಗ ಬ್ಯಾಗು ಹಾಕ್ಕೊಂಡು ಇಸ್ಕೂಲಿಗೆ ಹೋಗ್ತಿದಾಳಂತೆ ಅಂತ.

ಅಕ್ಟೋಬರಿನಿಂದ ಹೇಳಲಿಲ್ಲ ನೀನು. ಅಕ್ಟೋಬರಿನಲ್ಲೇ ಅಲ್ಲವೆ ನಾನು ಬಸುರಿ ಅಂತ ಬರೆದದ್ದು? ಆಗ ನೀನು ಏನು ಬರೆದೆ, ನೆನಪಿದೆಯಾ? ಈಸ್ಟರಿಗೆ ಬರುತ್ತೇನೆ, ಕೂಸಿಗೆ ಒಂದು ವರ್ಷ ಆಗುವವರೆಗೆ ಇರುತ್ತೇನೆ ಅಂತ. ಆ ಕಾಗದ ನನ್ನ ಹತ್ತಿರ ಇದೆ. ಡಾಕ್ಟರ್ ಏಪ್ರಿಲ್ ಮೊದಲ ವಾರ ಅಂದಿದ್ದಾರೆ. ಸೆರ್ಜು ಏಪ್ರಿಲ್ ಹತ್ತಿರ ಬರುತ್ತಿದ್ದಂತೆ ಮಾಸ್ಕೋಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾನೆ. ನಿನ್ನನ್ನು ನಿನ್ನ ಅಜ್ಜಿ ಸಾಕಿದಳು, ನನ್ನನ್ನು ನನ್ನ ಅಜ್ಜಿ ಸಾಕಿದಳು. ನನ್ನ ಕೂಸನ್ನು ಯಾರು ಸಾಕಬೇಕು, ಇಪ್ಪತ್ತೇಳನೇ ನಂಬರಿನ ಬಸ್ಸೆ?

ನನಗೆ ಬಸ್ಸಿನ ಕತೆ ಬೇಡ. ಈಸ್ಟರಿಗೆ ಬರುತ್ತೀಯೋ ಇಲ್ಲವೋ, ಅಷ್ಟು ಬರೆ.

ರೋದಿಕಾ


ಇಟಲಿಯಿಂದ
8 ಫೆಬ್ರವರಿ 2004, ಭಾನುವಾರ

ಮಗಳೇ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಏನು ಬರೆಯಲಿ ಅಂತ ಯೋಚಿಸಿ ಯೋಚಿಸಿ, ನೇರವಾಗಿ ಬರೆಯುವುದೇ ಸರಿ ಅನ್ನಿಸಿತು. ಈಸ್ಟರಿಗೆ ಬರಲಾಗುವುದಿಲ್ಲ. ಪರೀಕ್ಷೆ ಜೂನ್ ಒಂಬತ್ತಕ್ಕೆ. ಇಡೀ ವರ್ಷದಲ್ಲಿ ಮೂವತ್ತು ಗಂಟೆಗಿಂತ ಹೆಚ್ಚು ತಪ್ಪಿಸಿಕೊಂಡರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಪ್ರಮಾಣಪತ್ರ ನನಗೆ ಬೇಕು. ಯಾಕೆ ಅಂತ ಕೇಳಬೇಡ, ಬೇಕು.

ಬೈಯುವುದನ್ನು ಮುಂದಿನ ಕಾಗದಕ್ಕೆ ಇಟ್ಟುಕೋ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸವಿದೆ. ಬರುವ ಶನಿವಾರ ಸತ್ತವರ ಶನಿವಾರ. ನಿಮ್ಮಪ್ಪ ಹೋದ ಮೇಲೆ ಇದು ಮೂರನೆಯದು. ಜಡೆರೊಟ್ಟಿ ಹನ್ನೆರಡು ಮಾಡು, ಕಡಿಮೆ ಮಾಡಬೇಡ. ಹಿಟ್ಟಿಗೆ ಬೆಣ್ಣೆ, ಮೊಟ್ಟೆ ಹಾಕು, ಇನ್ನೊಂದು ವಾರಕ್ಕೆ ಉಪವಾಸ ಶುರುವಾಗುತ್ತದೆ. ಪ್ರತಿ ರೊಟ್ಟಿಯ ಮೇಲೂ ಮೇಣದಬತ್ತಿ ಸಿಗಿಸು, ನಡುವೆ ಒಂದು ನಾಣ್ಯ ಒತ್ತು, ಅವನು ಪರಲೋಕದ ದಾರಿಯ ಸುಂಕಗಳನ್ನು ಕಟ್ಟಿ ದಾಟಬೇಕಲ್ಲ. ಪಾದ್ರಿ ಆಶೀರ್ವದಿಸಿದ ಮೇಲೆ ಮಧ್ಯಾಹ್ನದೊಳಗೆ ಕೊಟ್ಟು ಮುಗಿಸು. ಸಂಬಂಧಿಕರಿಗೇ ಕೊಟ್ಟು ಕೈತೊಳೆದುಕೊಳ್ಳಬೇಡ, ಗುರುತಿಲ್ಲದವರಿಗೂ ಕೊಡು. ತೆಗೆದುಕೊಂಡವರು "ದೇವರು ಗ್ರಿಗೋರೆಯನ್ನು ಕ್ಷಮಿಸಲಿ" ಅನ್ನಬೇಕು. ಹೆಸರು ಹೇಳಿಸು. ಹೆಸರು ಹೇಳದಿದ್ದರೆ ಯಾರಿಗೆ ಸೇರುತ್ತದೋ ಯಾರಿಗೆ ಗೊತ್ತು.

ಇಲ್ಲಿ ನಾನೂ ಒಂದು ಮಾಡುತ್ತೇನೆ. ಸಿಗ್ನೋರಾಳ ಒಲೆಯಲ್ಲಿ ಒಂದಕ್ಕೇ ಜಾಗ.

ಅಮ್ಮ


ಇಟಲಿಯಿಂದ
22 ಫೆಬ್ರವರಿ 2004, ಭಾನುವಾರ

ಮಗಳೇ,

ಎಲ್ಲ ಕ್ಷೇಮ. ಚಳಿ ಕಡಿಮೆಯಾಗಿದೆ. ಇತ್ತೀಚೆಗೆ ನಾನು ನಡೆದೇ ಶಾಲೆಗೆ ಹೋಗುತ್ತೇನೆ, ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಅಂತ ನಮ್ಮ ಪುಸ್ತಕದಲ್ಲೇ ಇದೆ. ಹಳೆಯ ಬೂಟು ಹರಿದಿತ್ತು, ಚರ್ಚಿನವರು ಬೇರೆ ಕೊಟ್ಟರು.

ರೊಟ್ಟಿ ಕೊಟ್ಟೆಯಾ? ಎಷ್ಟು ಜನ ಬಂದರು? ನಾಳೆಯಿಂದ ಉಪವಾಸ, ನೀನು ಬಸುರಿ, ಮಾಡಬೇಡ, ನಿನ್ನ ಪಾಲಿನದ್ದೂ ನಾನೇ ಮಾಡುತ್ತೇನೆ. ರೊಟ್ಟಿಯ ವಿಷಯ ಮಾತ್ರ ಬರೆ.

ಅಮ್ಮ


ಸ್ತುಪಾರೆನಿ
26 ಫೆಬ್ರವರಿ 2004, ಗುರುವಾರ

ಅಮ್ಮಾ,

ನಡಿಗೆ ಆರೋಗ್ಯಕ್ಕೆ ಒಳ್ಳೆಯದಂತೆ! ನನಗೇ ಹೀಗೆ ಬರೆಯುತ್ತೀಯಲ್ಲ. ಕೆಳಗಿನ ಬೀದಿಯ ಝೀನಾ ಅಲ್ಲಿ ನೀನಿರುವ ಊರಿನಲ್ಲೇ ಕೆಲಸಕ್ಕಿರುವುದು ಮರೆತೆಯಾ? ಅವಳು ಫೋನ್ ಮಾಡಿ ಅವಳ ಅಮ್ಮನಿಗೆ ಎಲ್ಲ ಹೇಳಿದ್ದಾಳೆ. ಅವಳ ಅಮ್ಮ ನೀರಿನ ಬಾವಿ ಹತ್ತಿರ ನಿಂತು ಎಲ್ಲರಿಗೂ ಹೇಳಿದಳು. ನಾನು ಎರಡು ಬಕೆಟ್ ಹಿಡಿದುಕೊಂಡು, ಈ ಹೊಟ್ಟೆ ಹೊತ್ತುಕೊಂಡು, ಅಲ್ಲೇ ನಿಂತಿದ್ದೆ.

"ನಿಮ್ಮಮ್ಮನ್ನ ಬಸ್ಸಿಂದ ಇಳ್ಸಿದ್ರಂತಲ್ಲೇ ರೋದಿಕಾ? ಪಾಸು ಸುಳ್ಳಂತೆ, ಸಿಕ್ಕಾಕ್ಕೊಂಡಾಗ ಸಾಹೇಬ್ರಿಗೆ ಲಂಚ ಕೊಡೋಕೆ ಹೋದ್ಲಂತೆ. ಇಲ್ಲಿ ಪ್ರತಿ ಭಾನುವಾರ ಚರ್ಚಲ್ಲಿ ಮುಂದಿನ ಸಾಲು, ಅಲ್ಲಿ ನೋಡಿದ್ರೆ ಇದು!"

ನಾನು ಬಕೆಟ್ ಅಲ್ಲೇ ಬಿಟ್ಟು ಬಂದೆ. ಸೆರ್ಜು ಹೋಗಿ ತಂದ.

ಸುಳ್ಳು ಪಾಸು ಮಾಡಿಸಿದ್ದಕ್ಕಾ ನೀನು ಈಸ್ಟರಿಗೆ ಬರುವುದಿಲ್ಲ ಅಂದದ್ದು? ಶಾಲೆ ಅನ್ನುವುದಾದರೂ ಇದೆಯಾ? ನನಗೆ ಇನ್ನೇನು ನಂಬಬೇಕು ಅಂತ ಗೊತ್ತಾಗುತ್ತಿಲ್ಲ. ಅಪ್ಪನ ರೊಟ್ಟಿ ಕೇಳಿದ್ದೀಯ. ಅದು ಹೇಗಾಗಬೇಕೋ ಹಾಗಾಯಿತು, ಚಿಂತೆ ಬೇಡ.

ರೋದಿಕಾ


ಇಟಲಿಯಿಂದ
7 ಮಾರ್ಚ್ 2004, ಭಾನುವಾರ

ರೋದಿಕಾ,

ಝೀನಾ ಅದೇ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ನನ್ನ ಭಾಷೆ ಬಲ್ಲವಳು ಆ ಬಸ್ಸಿನಲ್ಲಿ ಅವಳೊಬ್ಬಳೇ. ಎದ್ದು ಎರಡು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಿಟಕಿಗೆ ಮುಖ ಒತ್ತಿಕೊಂಡು ಕೂತಳು. ಊರಿಗೆ ಫೋನ್ ಮಾಡುವಾಗ ಅವಳಿಗೆ ನಾಲಿಗೆ ಬಂತು. ದೇವರು ಅವಳನ್ನು ನೋಡಿಕೊಳ್ಳಲಿ, ನನ್ನ ಕೈಲಿ ಆಗುವುದಿಲ್ಲ.

ನಿನಗೆ ಹೇಳಬಾರದು ಅಂತಿದ್ದೆ. ಬಸುರಿಗೆ ಇಂಥದ್ದೆಲ್ಲ ಬರೆಯಬಾರದು. ಬಾವಿಯ ಹತ್ತಿರವೇ ಕೇಳಿದ ಮೇಲೆ ನನ್ನಿಂದಲೂ ಕೇಳು.

ಆ ಶನಿವಾರ ಬೆಳಗಿನ ಐದಕ್ಕೆ ರೊಟ್ಟಿ ಬೇಯಿಸಿದೆ. ಏಳರ ಪೂಜೆಗೆ ಒಯ್ದು ಆಶೀರ್ವಾದ ಮಾಡಿಸಿದೆ. ಆ ದಿನ ಬೆಳಗ್ಗೆ ಹತ್ತಕ್ಕೆ ಹೆಚ್ಚಿನ ತರಗತಿ ಇಟ್ಟಿದ್ದರು, ಚರ್ಚಿನಿಂದ ನೇರವಾಗಿ ಬಸ್ಸು ಹತ್ತಿದೆ. ಅಂದು ಇಲ್ಲಿ ಪ್ರೇಮಿಗಳ ಹಬ್ಬವಂತೆ. ಅರ್ಧ ಬಸ್ಸು ಕೆಂಪು ಹೂ, ಕೆಂಪು ಡಬ್ಬಿ ಹಿಡಿದುಕೊಂಡಿತ್ತು. ಎಲ್ಲರೂ ಕೊಡುವ ದಿನ, ಒಳ್ಳೆಯದೇ ಆಯಿತು ಅಂದುಕೊಂಡೆ, ಎಂಥ ಮೂಢಳು ನಾನು. ಹೂ ಹಿಡಿದ ಹುಡುಗಿಗೆ ರೊಟ್ಟಿ ನೀಡಿದೆ, ಅವಳು ಹುಡುಗನ ಬೆನ್ನ ಹಿಂದೆ ಸರಿದಳು. ಒಬ್ಬ ಗಂಡಸು "ನಾನೇನೂ ಕೊಳ್ಳಲ್ಲಮ್ಮ" ಅಂದ. ಮಾರುವುದಲ್ಲ, ಕೊಡುವುದು ಅಂದೆ, ಅವನು ಸೀಟು ಬದಲಾಯಿಸಿದ. ನನಗಿಂತ ದೊಡ್ಡವಳೊಬ್ಬಳು ತನ್ನ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡಳು. ಬ್ರೆಡ್ಡು ಕೊಡಲು ಹೋದವಳು ಚೀಲ ಕಿತ್ತುಕೊಂಡು ಓಡುತ್ತಾಳಂತೆ!

ಆಗ ಹತ್ತಿದ, ಅದೇ ತಪಾಸಣೆಯವನು.

"ಏನಜ್ಜೀ, ಇನ್ನೂ ಪಾಸಾಗ್ಲಿಲ್ವಾ?"

ಎಲ್ಲರೂ ನಕ್ಕರು. ಪಾಸು ಕೈಗೆ ತೆಗೆದುಕೊಂಡು, ಈ ವಯಸ್ಸಿನ ವಿದ್ಯಾರ್ಥಿಯನ್ನು ತಾನು ನೋಡೇ ಇಲ್ಲ, ಆಫೀಸಿಗೆ ಕಳಿಸಿ ವಿಚಾರಿಸಬೇಕು ಅಂದ. ನನ್ನ ಮೈಯೆಲ್ಲ ಉರಿಯಿತು. ಆದರೆ ಕೈಯಲ್ಲಿ ನಿಮ್ಮಪ್ಪನ ರೊಟ್ಟಿ ಇತ್ತು, ತರಗತಿಗೆ ಕೂತರೆ ಮಧ್ಯಾಹ್ನ ಮೀರಿಬಿಡುತ್ತಿತ್ತು. ಸಿಟ್ಟು ಹಿಡಿದ ಕೈಯಿಂದ ರೊಟ್ಟಿ ಕೊಟ್ಟರೆ ಸಲ್ಲುವುದಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಸಿಟ್ಟು ಯಾರ ಮೇಲಿದೆಯೋ ಅವರಿಗೇ ಕೊಟ್ಟರೆ ಸಿಟ್ಟೂ ಹೋಗುತ್ತದೆ, ರೊಟ್ಟಿಯೂ ಸಲ್ಲುತ್ತದೆ ಅಂತಲೂ ಹೇಳುತ್ತಿದ್ದಳು. ಎದ್ದು ನಿಂತು, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದೆ.

"ತಗೊಳ್ಳಿ. ನಿಮಗೆ."

ಅವನು ರೊಟ್ಟಿಯ ನಡುವಿನ ನಾಣ್ಯ ನೋಡಿದ. ನನ್ನ ಮುಖ ನೋಡಿದ.

"ಏನಿದು?"

"ನನ್ನ ಗಂಡನಿಗೋಸ್ಕರ."

"ಎಲ್ಲಿದಾನೆ ನಿನ್ನ ಗಂಡ?"

"ಸತ್ತೋಗಿದಾನೆ."

ಗೇಲಿ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ, ಮುಖ ಕೆಂಪಾಯಿತು. ಮುಂದಿನ ಬಾಗಿಲಿನಲ್ಲಿದ್ದ ಜೊತೆಗಾರನನ್ನು ಕೂಗಿದ. "ಬಾರೋ ಇಲ್ಲಿ, ಪಾಸು ವಾಪಸ್ ಕೊಡು ಅಂತ ದುಡ್ಡು ಕೊಡ್ತಿದಾಳೆ ಈಕೆ. ಬ್ರೆಡ್ಡಲ್ಲಿ ಸಿಕ್ಕಿಸ್ಕೊಂಡು!" ಇಬ್ಬರೂ ನನ್ನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿ ಏನೇನೋ ಬರೆದುಕೊಂಡರು. ಪಾಸು, ರೊಟ್ಟಿ, ನಾಣ್ಯ, ಮೂರನ್ನೂ ಒಯ್ದರು. ಮೇಣದಬತ್ತಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಅವತ್ತಿನಿಂದ ನಡೆಯುತ್ತಿದ್ದೇನೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಟಿಕೆಟ್ ಕೊಂಡು ಹತ್ತಬಹುದಿತ್ತು. ಹಟಕ್ಕೆ ಹತ್ತಲಿಲ್ಲ. ಆ ಬಸ್ಸಿಗೆ ನನ್ನ ಒಂದು ಕಾಸೂ ಸಿಗಬಾರದು. ತಡವಾಗಿ ತಲುಪಿ ತಲುಪಿ ಹದಿನಾಲ್ಕು ಗಂಟೆ ಹೋಗಿದೆ. ಟೀಚರ್ ಬೈದಳು, ಅವಳು ಬೈದದ್ದು ಸರಿ.

ಈಗ ಬಸ್ಸಿನ ಆಫೀಸಿನಿಂದ ಕಾಗದ ಬಂದಿದೆ. ಈ ತಿಂಗಳು ಇಪ್ಪತ್ಮೂರಕ್ಕೆ ಬರಬೇಕಂತೆ. ಅವರೇ ಬರೆದಿಟ್ಟಿರುವುದಕ್ಕೆ ಸಹಿ ಹಾಕಿದರೆ ಪಾಸು ಅಂದೇ ವಾಪಸ್, ಶಾಲೆಗೂ ತಿಳಿಸುವುದಿಲ್ಲ. ನಾನು ಪರದೇಶದವಳು, ಇಲ್ಲಿನ ಕಾನೂನು ಗೊತ್ತಿಲ್ಲದೆ ತಪಾಸಣೆಯವರಿಗೆ ಲಂಚ ಕೊಡಲು ಹೋದೆ, ಇನ್ನು ಹೀಗೆ ಮಾಡುವುದಿಲ್ಲ ಅಂತ ಅದರಲ್ಲಿದೆ. ಸಹಿ ಹಾಕದಿದ್ದರೆ ಶಾಲೆಗೆ ಬರೆಯುತ್ತಾರೆ, ಶಾಲೆಯವರು ಹೆಸರು ಹೊಡೆಯುತ್ತಾರೆ, ಅದು ಅವರ ನಿಯಮ. ಟೀಚರ್ ಓರ್ನೆಲ್ಲಾ "ಹಾಕ್ಬಿಡಿ ಸಿಗ್ನೋರಾ, ಎಲ್ರೂ ಹಾಕ್ತಾರೆ, ಬರೀ ಕಾಗದ ಅದು" ಅನ್ನುತ್ತಾಳೆ.

ಹಾಕಿಬಿಡುತ್ತೇನೆ. ನಿಮ್ಮಪ್ಪನ ರೊಟ್ಟಿಯನ್ನು ಲಂಚ ಅಂತ ನನ್ನ ಕೈಯಿಂದಲೇ ಬರೆದುಕೊಟ್ಟರೆ ಇಲ್ಲಿ ಕೊಟ್ಟದ್ದು ಅವನಿಗೆ ಸೇರುವುದಿಲ್ಲ, ನನಗೆ ಗೊತ್ತು. ಆದರೆ ಅಲ್ಲಿ ನೀನು ಹನ್ನೆರಡು ಕೊಟ್ಟಿದ್ದೀಯಲ್ಲ. ಒಂದು ಕಡಿಮೆಯಾದರೆ ಅವನು ಕ್ಷಮಿಸುತ್ತಾನೆ. ಬದುಕಿದ್ದಾಗಲೂ ಲೆಕ್ಕ ನೋಡಿದವನಲ್ಲ.

ಪ್ರಮಾಣಪತ್ರ ಯಾಕೆ ಬೇಕು ಅಂತಲೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ನಾನು ಸಿಗ್ನೋರಾಳ ಕೋಣೆಯಲ್ಲಿ, ಅವಳ ಮಂಚದ ಪಕ್ಕ, ಮಡಚುವ ಮಂಚದಲ್ಲಿ ಮಲಗುತ್ತೇನೆ. ಅವಳು ಕೆಮ್ಮಿದರೆ ಏಳಬೇಕು, ಕರೆದರೆ ಏಳಬೇಕು, ಸುಮ್ಮನಿದ್ದರೂ ಉಸಿರಿದೆಯಾ ಅಂತ ಏಳಬೇಕು. ಬಾಗಿಲು ಹಾಕಿಕೊಂಡು ಒಂದು ಪ್ರಾರ್ಥನೆ ಪೂರ್ತಿ ಹೇಳಲು ನನಗೆ ಜಾಗವಿಲ್ಲ. ಆ ಪತ್ರ ಇದ್ದರೆ ವೃದ್ಧಾಶ್ರಮದಲ್ಲಿ ಎಂಟು ಗಂಟೆಯ ಕೆಲಸ ಸಿಗುತ್ತದೆ, ಸ್ವಂತ ಕೋಣೆ ಹಿಡಿಯಬಹುದು, ವರ್ಷಕ್ಕೊಂದು ತಿಂಗಳು ರಜೆ ಹಾಕಿ ಊರಿಗೆ ಬರಬಹುದು. ನಿನಗೆ ನಾನು ಇಟಲಿಯಲ್ಲಿ ರಾಣಿಯ ಹಾಗಿದ್ದೇನೆ ಅಂತ ಇರಬೇಕು. ಹಾಗೆ ಅಂದುಕೊಳ್ಳಲಿ ಅಂತ ನಾನೇ ಬಿಟ್ಟಿದ್ದೆ, ತಪ್ಪು ನನ್ನದೂ ಇದೆ.

ಅಮ್ಮ


ಸ್ತುಪಾರೆನಿ
11 ಮಾರ್ಚ್ 2004, ಗುರುವಾರ

ಅಮ್ಮಾ,

ಮೀಶಾ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ.

ನಾನು ರೊಟ್ಟಿ ಕೊಟ್ಟಿಲ್ಲ. ಒಂದೂ ಕೊಟ್ಟಿಲ್ಲ.

ಈಸ್ಟರಿಗೆ ಬರುವುದಿಲ್ಲ ಅಂತ ನೀನು ಬರೆದದ್ದು ಮಂಗಳವಾರ ಸಿಕ್ಕಿತು. ಆದರೂ ಶುಕ್ರವಾರ ಸಂಜೆ ಕೂತು ಹನ್ನೆರಡಕ್ಕಾಗುವಷ್ಟು ಹಿಟ್ಟು ನಾದಿದೆ. ನಾದುತ್ತಾ ನಾದುತ್ತಾ ಸಿಟ್ಟು ಏರುತ್ತಾ ಹೋಯಿತು. ಬದುಕಿರುವ ಮಗಳನ್ನು ನೋಡಲು ಬರಲಾಗದವಳು ಸತ್ತವನ ರೊಟ್ಟಿಗೆ ಬೆಣ್ಣೆ ಎಷ್ಟು ಅಂತ ಬರೆಯುತ್ತಾಳೆ ಅನ್ನಿಸಿತು. ಬೋಗುಣಿ ಎತ್ತಿಕೊಂಡು ಹೋಗಿ ಅಷ್ಟೂ ಹಿಟ್ಟನ್ನು ಹಂದಿಗೆ ಹಾಕಿದೆ. ಶನಿವಾರ ಬಾಗಿಲು ಹಾಕಿಕೊಂಡು ಮಲಗಿದೆ. ಇಬ್ಬರು ಮೂವರು ಬಂದು ಬಾಗಿಲು ತಟ್ಟಿ ಹೋದರು.

ನಿನಗೆ ಸುಳ್ಳು ಬರೆದೆ. ನಿನ್ನ ಮಂಚದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸಿಟ್ಟು ಬರುತ್ತಿತ್ತೇನೋ. ಈಗಲೂ ಇದೆ.

ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಅಪ್ಪನಿಗೆ ಇಲ್ಲಿಂದ ಹನ್ನೆರಡು ಹೋಗಿದೆ ಅಂದುಕೊಂಡು ಹಾಕಬೇಡ, ಅಷ್ಟಕ್ಕೆ ಬರೆದೆ.

ರೋದಿಕಾ


ಇಟಲಿಯಿಂದ
28 ಮಾರ್ಚ್ 2004, ಭಾನುವಾರ

ರೋದಿಕಾ,

ಎರಡು ಭಾನುವಾರ ನಿನಗೆ ಏನೂ ಕಳಿಸಲಿಲ್ಲ. ಮೀಶಾ "ಏನಕ್ಕ, ಈ ವಾರಾನೂ ಚೀಲ ಇಲ್ವಾ, ಮಗಳ ಜೊತೆ ಮಾತು ಬಿಟ್ರಾ?" ಅಂದ. ಗಾಡಿ ಓಡಿಸೋದು ನೋಡ್ಕೋ ಅಂದೆ.

ಹಂದಿಗೆ! ನಿಮ್ಮಪ್ಪನ ಹೆಸರಿನ ಹಿಟ್ಟು ಹಂದಿಗೆ! ಅಷ್ಟು ಹಸಿ ಹಿಟ್ಟು ತಿಂದು ಆ ಹಂದಿ ಹೇಗೆ ಬದುಕಿತು? ನಿನ್ನ ಕಾಗದ ಓದಿದ ದಿನ ನಾನು ಸಿಗ್ನೋರಾಳ ಸೂಪಿಗೆ ಎರಡು ಸಲ ಉಪ್ಪು ಹಾಕಿದೆ. ಅವಳು ಕುಡಿಯದೆ ನನ್ನನ್ನು ನೋಡುತ್ತಾ ಕೂತಿದ್ದಳು. ನಿನಗೆ ಬರೆಯಲು ಕೂತರೆ ಪೆನ್ನು ಕಾಗದ ಹರಿಯುತ್ತಿತ್ತು, ಅದಕ್ಕೇ ಬರೆಯಲಿಲ್ಲ. ನೀನು ನಿಜ ಬರೆಯದಿದ್ದರೆ ಸುಳ್ಳಿನ ಮೇಲೇ ನನ್ನಿಂದ ಸಹಿ ಹಾಕಿಸಿದಂತಾಗುತ್ತಿತ್ತು, ಅದು ಗೊತ್ತಾಗಿ ಬರೆದೆಯಲ್ಲ, ಅಷ್ಟು ಮರ್ಯಾದೆ ನಿನ್ನಲ್ಲಿ ಉಳಿದಿದೆ. ಉಳಿದದ್ದನ್ನು ಮುಖ ನೋಡಿ ಮಾತಾಡುತ್ತೇನೆ.

ಮಂಗಳವಾರ ಆಫೀಸಿಗೆ ಹೋದೆ. ಟೀಚರ್ ಓರ್ನೆಲ್ಲಾ ಜೊತೆಗೆ ಬಂದಳು. ಮೇಜಿನ ಆ ಕಡೆ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಅಧಿಕಾರಿ ಹೆಂಗಸು, ಪಕ್ಕದಲ್ಲಿ ಅವನು. ಮಾರ್ಕೆಜಿ ಅಂತ ಹೆಸರು. ಅಂದು ಚೂಯಿಂಗ್ ಗಮ್ ಇರಲಿಲ್ಲ. ಮೇಜಿನ ಮೇಲೆ ನನ್ನ ಪಾಸು, ಪ್ಲಾಸ್ಟಿಕ್ ಲಕೋಟೆಯಲ್ಲಿ ನಾಣ್ಯ, ಸಹಿ ಹಾಕುವ ಕಾಗದ.

"ಇಲ್ಲಿ ಹಾಕಿ, ಸಿಗ್ನೋರಾ," ಅಂದಳು ಅಧಿಕಾರಿ. "ನಿಮಗೂ ತೊಂದರೆ ಬೇಡ, ನಮಗೂ ಬೇಡ."

ನಾನು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ, ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಂದು ರೊಟ್ಟಿ, ಒಂದು ನಾಣ್ಯ ಸಾಕ್ಷಿಯಾಗಿ ವಶಕ್ಕೆ ತೆಗೆದುಕೊಂಡೆವು ಅಂತ ಇತ್ತು.

"ನಾಣ್ಯ ಇಲ್ಲಿದೆ. ರೊಟ್ಟಿ ಎಲ್ಲಿ?" ಅಂತ ಕೇಳಿದೆ.

ಅಧಿಕಾರಿ ಅವನ ಕಡೆ ನೋಡಿದಳು. ಅವನು "ಹಾಳಾಗಿತ್ತು, ಎಸೆದ್ವಿ" ಅಂದ.

"ಯಾವಾಗ ಎಸೆದ್ರಿ?"

"ಅವತ್ತೇ."

ಬೆಳಗಿನ ಐದಕ್ಕೆ ಬೇಯಿಸಿದ ರೊಟ್ಟಿ ಅವತ್ತೇ ಹೇಗೆ ಹಾಳಾಗುತ್ತದೆ, ನೀನೇ ಹೇಳು. ಅವನ ಮುಖ ನೋಡಿದೆ. ಚಿಕ್ಕವಳಿದ್ದಾಗ ಜಾಮಿನ ಶೀಷೆಗೆ ಕೈ ಹಾಕಿ ಇಲ್ಲ ಅನ್ನುವಾಗ ನಿನ್ನ ಮುಖ ಹೇಗಾಗುತ್ತಿತ್ತೋ ಹಾಗೇ ಇತ್ತು. ಸ್ವರ ತಗ್ಗಿಸಿ, ಪಾಪದವಳ ಹಾಗೆ ಹೇಳಿದೆ:

"ಎಸೆದದ್ದೇ ಒಳ್ಳೇದಾಯ್ತು ಬಿಡಿ. ಅವತ್ತು ಗಡಿಬಿಡೀಲಿ ಉಪ್ಪು ಜಾಸ್ತಿ ಬಿದ್ದಿತ್ತು, ಬಾಯಿಗಿಡೋ ಹಾಗಿರ್ಲಿಲ್ಲ. ನನಗೆ ನಾಚಿಕೆ ಆಗ್ತಿದೆ."

"ಏ ಇಲ್ಲ, ಚೆನ್ನಾಗೇ ಇತ್ತು," ಅಂದ ಅವನು.

ಅಂದವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಟೀಚರ್ ಕೆಮ್ಮಿದಳು. ಅಧಿಕಾರಿ ಕನ್ನಡಕ ತೆಗೆದು ಸರಪಳಿಯಲ್ಲಿ ನೇತುಹಾಕಿದಳು.

"ತಿಂದ್ರಾ, ಮಾರ್ಕೆಜಿ?"

"ಡಿಪೋದಲ್ಲಿ... ನಾವಿಬ್ರೂ... ಊಟಕ್ಕೆ ಹೋಗೋಕೆ ಟೈಮ್ ಸಿಕ್ಕಿರ್ಲಿಲ್ಲ."

ಆಗ ನಾನು ಎದ್ದು ನಿಂತೆ. ಈ ಸಲ ಮೊಣಕಾಲು ತಾನಾಗಿ ಏಳಲಿಲ್ಲ, ನಾನೇ ಎಬ್ಬಿಸಿದೆ. "ಮೇಡಂ, ಇದರಲ್ಲಿ ರೊಟ್ಟಿ ಲಂಚ ಅಂತ ಬರ್ದಿದೀರಿ. ಲಂಚ ಅಂತ ನಾನು ಸಹಿ ಹಾಕ್ತೀನಿ. ಪಕ್ಕದಲ್ಲೇ, ಆ ಲಂಚ ನಾನು ತಗೊಂಡೆ, ಊಟಕ್ಕೆ ತಿಂದೆ ಅಂತ ಇವರೂ ಸಹಿ ಹಾಕ್ಲಿ. ಅದು ಲಂಚ ಅಲ್ಲ ಅನ್ನೋದಾದ್ರೆ ನನ್ನ ಪಾಸು ಇಲ್ಲಿ ಕೊಡಿ. ಎರಡರಲ್ಲಿ ಒಂದು ಹೇಳಿ. ನನಗೆ ಎರಡು ಗಂಟೆಗೆ ತರಗತಿ ಇದೆ."

ಟೀಚರ್ ಅದನ್ನು ಇನ್ನೊಮ್ಮೆ ಚೆಂದದ ಇಟಾಲಿಯನ್ನಿನಲ್ಲಿ ಹೇಳಲು ಬಾಯಿ ತೆರೆದಳು, ಅಧಿಕಾರಿ ಕೈ ಎತ್ತಿ "ಅರ್ಥವಾಯ್ತು" ಅಂದಳು. ಕಾಗದವನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಡ್ರಾಯರಿಗೆ ಹಾಕಿದಳು. ಪಾಸನ್ನೂ ನಾಣ್ಯವನ್ನೂ ನನ್ನ ಕಡೆಗೆ ತಳ್ಳಿದಳು. ನಾನು ಪಾಸು ತೆಗೆದುಕೊಂಡೆ, ನಾಣ್ಯವನ್ನು ಅವನ ಕಡೆಗೆ ತಳ್ಳಿದೆ.

"ಇದು ರೊಟ್ಟಿ ಜೊತೆಗಿನದು. ರೊಟ್ಟಿ ತಿಂದವರದ್ದು. ಇನ್ನು ನೀವು ಒಂದು ಮಾತು ಹೇಳ್ಬೇಕು."

"ಕ್ಷಮಿಸಿ," ಅಂದ. ನೀವು ಅಂತಲೇ ಮಾತಾಡಿಸಿದ.

"ನನ್ನನ್ನಲ್ಲ. ನನ್ನ ಗಂಡನಿಗೋಸ್ಕರ ಕೊಟ್ಟದ್ದು ಅಂತ ಅವತ್ತೇ ಹೇಳಿದ್ದೆ, ನೀವು ಕೇಳಲಿಲ್ಲ. ದೇವರು ಗ್ರಿಗೋರೆಯನ್ನು ಕ್ಷಮಿಸಲಿ ಅನ್ನಿ."

ಅವನು ಅಧಿಕಾರಿಯ ಕಡೆ ನೋಡಿದ. ಅವಳು ಕಿಟಕಿ ನೋಡುತ್ತಿದ್ದಳು. ಅವನು ಹೇಳಿದ, ನೆಲ ನೋಡಿಕೊಂಡು. ಹೆಸರು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದ, ಕೇಳಿಸುವ ಹಾಗೆ. ಆಮೇಲೆ ಹೊರಗೆ ಬಂದೆ. ಮೆಟ್ಟಿಲಲ್ಲಿ ಟೀಚರಳ ತೋಳು ಹಿಡಿದುಕೊಂಡೆ.

ಸಿಟ್ಟು ಹೋಯಿತು ಅಂದುಕೊಳ್ಳಬೇಡ. ರೊಟ್ಟಿ ಇಷ್ಟಪಟ್ಟು ತಿಂದ ಬಾಯಲ್ಲೇ ನನ್ನನ್ನು ಕಳ್ಳಿ ಅಂತ ಬರೆಸಿದವನು ಅವನು. ಉಪ್ಪಿನ ವಿಷಯದಲ್ಲಿ ನಾನೂ ಸುಳ್ಳು ಹೇಳಿದೆ. ಶುಕ್ರವಾರ ಪಾದ್ರಿಯ ಮುಂದೆ ಒಪ್ಪಿಕೊಂಡೆ. ಅವರು ಮೊದಲು ನಕ್ಕರು, ಆಮೇಲೆ ಇಪ್ಪತ್ತು ದಂಡ ಪ್ರಣಾಮ ಹಾಕಿಸಿದರು. ಹಾಕಿದೆ. ಮತ್ತೆ ಅಂಥ ಸಂದರ್ಭ ಬಂದರೆ ಅದೇ ಸುಳ್ಳು ಹೇಳುತ್ತೇನೆ ಅಂತಲೂ ಹೇಳಿದೆ. ಇನ್ನೂ ಹತ್ತು ಸೇರಿಸಿದರು.

ಈಗ ನಿನ್ನ ವಿಷಯ. ಈಸ್ಟರಿಗೆ ನಾನು ಬರುವುದಿಲ್ಲ. ಹದಿನೆಂಟು ಗಂಟೆ ಹೋಗಿದೆ, ಹನ್ನೆರಡು ಉಳಿದಿದೆ, ನಾಲ್ಕು ದಿನ ತಪ್ಪಿದರೆ ನಾನು ಪರೀಕ್ಷೆಯ ಬಾಗಿಲಿನಲ್ಲೇ ನಿಲ್ಲಬೇಕಾಗುತ್ತದೆ. ಇಷ್ಟು ನಡೆದ ಮೇಲೆ ನಾನು ಬಾಗಿಲಿನಲ್ಲಿ ನಿಲ್ಲುವವಳಲ್ಲ. ಸೆರ್ಜು ಮಾಸ್ಕೋಗೆ ಹೊರಡುವ ಮುಂಚೆ ಕಟ್ಟಿಗೆ ಸೀಳಿಸಿ ಒಳಗೆ ಜೋಡಿಸು. ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೇ ಹೋಗು, ಮನೆಯಲ್ಲಿ ಬೇಡ. ಅವನ ಅಮ್ಮನನ್ನು ಕರೆಸಿಕೋ. ಬಾಯಿ ಜೋರು, ಆದರೆ ಅವಳ ಕೈಗೆ ಹೋದರೆ ಕೂಸು ಅಳು ನಿಲ್ಲಿಸುತ್ತದೆ, ನೀನು ಎದುರು ಮಾತಾಡಬೇಡ. ಎರಡು ತಿಂಗಳು ತಡೆದುಕೋ.

ಪರೀಕ್ಷೆ ಮುಗಿದ ಭಾನುವಾರ, ಜೂನ್ ಹದಿಮೂರಕ್ಕೆ, ಮೀಶಾನ ವ್ಯಾನಿನಲ್ಲಿ ಮುಂದಿನ ಸೀಟು ಈಗಲೇ ಹೇಳಿಟ್ಟಿದ್ದೇನೆ. ಒಂದು ತಿಂಗಳು ಇರುತ್ತೇನೆ. ಬಂದ ದಿನ ನಿನಗೆ ಬೈಯುತ್ತೇನೆ, ಹಂದಿಯ ಹತ್ತಿರ ನಿಲ್ಲಿಸಿಕೊಂಡು ಬೈಯುತ್ತೇನೆ. ಯಾರೂ ಅಡ್ಡ ಬರಬಾರದು, ಕೂಸು ಅತ್ತರೂ ನಾನು ನಿಲ್ಲಿಸುವುದಿಲ್ಲ. ನಿನಗೆ ನನ್ನ ಮೇಲೆ ಇರುವುದನ್ನೂ ನೀನು ಬೈದು ಮುಗಿಸು. ಅದೆಲ್ಲ ಆದ ಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಹಾಕಿಕೊಂಡು, ನೀನು ಮಲಗು. ಎಷ್ಟು ಹೊತ್ತಾದರೂ ಎಬ್ಬಿಸುವುದಿಲ್ಲ.

ನಿನ್ನ ಅಮ್ಮ
ಅಗಾಫಿಯಾ